ಪುಟದ ಅಡಿಯಲ್ಲಿ ತುರುಕಿದ ಮದುವೆ



ಈ ಉಪನ್ಯಾಸಕ್ಕೆ ದತ್ತಿ ಇಟ್ಟವರದು ಒಂದೇ ಷರತ್ತು. ಆಮಂತ್ರಣದಲ್ಲಾಗಲಿ, ಭಾಷಣದಲ್ಲಾಗಲಿ, ಆಮೇಲೆ ಅಚ್ಚಾಗುವ ಪುಸ್ತಿಕೆಯಲ್ಲಾಗಲಿ ತಮ್ಮ ಹೆಸರು ಬರಬಾರದು. ಹೆಸರಿನ ಆಸೆಗೆ ಚರ್ಚಿನ ದಫ್ತರದಲ್ಲಿ ಕಳ್ಳಬರಹ ಬರೆದು, ಕೊನೆಗೆ ಆ ದಫ್ತರದ ಜೊತೆಗೇ ಸುಟ್ಟುಹೋದ ಮನುಷ್ಯನ ಕಥೆ ಹೇಳಲು ಹೊರಟಿದ್ದ ನನಗೆ ಈ ಷರತ್ತು ಕೇಳಿ ಮೊದಲು ನಗು ಬಂತು, ಆಮೇಲೆ ಗೌರವ ಬಂತು.

ಕಾದಂಬರಿ ವಿಲ್ಕಿ ಕಾಲಿನ್ಸ್‌ನ ‘ದಿ ವುಮನ್ ಇನ್ ವೈಟ್’. ಬಿಳಿ ಉಡುಪಿನ ಹೆಂಗಸು. 1859ರ ನವೆಂಬರ್ 26ರಿಂದ 1860ರ ಆಗಸ್ಟ್ 25ರವರೆಗೆ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಡಿಕನ್ಸನ ‘ಎ ಟೇಲ್ ಆಫ್ ಟು ಸಿಟೀಸ್’ ಮುಗಿದ ಸಂಚಿಕೆಯಲ್ಲೇ ಇದು ಶುರುವಾದದ್ದು. ಜನ ಮುಗಿಬಿದ್ದು ಓದಿದರು. ಅದರ ಹೆಸರಿನಲ್ಲಿ ಸುಗಂಧದ್ರವ್ಯ ಮಾರಿದರು, ಹೆಂಗಸರ ಟೋಪಿ ಮಾರಿದರು, ಕುಣಿತದ ಸಂಗೀತ ಅಚ್ಚು ಹಾಕಿಸಿದರು.

ನಾನು ಇದನ್ನು ಮೊದಲ ಸಲ ಓದಿದ್ದು ವಿದ್ಯಾರ್ಥಿಯಾಗಿದ್ದಾಗ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಮುಖಪುಟ ನೋಡಿ ದೆವ್ವದ ಕಥೆ ಇರಬೇಕೆಂದು ಕೊಂಡೆ. ದೆವ್ವ ಬರಲಿಲ್ಲ, ಆದರೂ ಎರಡು ರಾತ್ರಿ ನಿದ್ದೆ ಬರಲಿಲ್ಲ. ಎರಡನೆಯ ಸಲ ಓದಿದ್ದು ತಂದೆ ತೀರಿಕೊಂಡ ಮೇಲೆ, ಪೌತಿ ಖಾತೆಗಾಗಿ ಅಲೆಯುತ್ತಿದ್ದ ದಿನಗಳಲ್ಲಿ. ನಮ್ಮ ಅಜ್ಜನ ಹೆಸರು ಒಂದು ಕಾಗದದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇತ್ತು. ಊರಿನವರೆಲ್ಲ ನನ್ನ ಮುಖ ನೋಡಿ ‘ಅಜ್ಜನ ಅಚ್ಚು’ ಅನ್ನುತ್ತಿದ್ದರು. ಕಚೇರಿಯ ಮೇಜಿನ ಆಚೆ ಕುಳಿತವರಿಗೆ ಮಾತ್ರ ಅಜ್ಜನಿಗೂ ನನಗೂ ಸಂಬಂಧವೇ ಇರಲಿಲ್ಲ. ವಂಶವೃಕ್ಷ ಪ್ರಮಾಣಪತ್ರ ತನ್ನಿ ಅಂದರು. ಸಂಜೆ ಮನೆಗೆ ಬಂದು ಈ ಪುಸ್ತಕ ತೆರೆದಾಗ ಮೊದಲ ಸಲ ಕಾಣದ್ದು ಕಂಡಿತು. ಮುಖಕ್ಕೂ ಕಾಗದಕ್ಕೂ ಕಾಲಿನ್ಸ್ ಹೂಡಿದ ವ್ಯಾಜ್ಯ ಇದು. ಇವತ್ತಿನ ನನ್ನ ಮಾತು ಅಷ್ಟೇ: ಆ ವ್ಯಾಜ್ಯದಲ್ಲಿ ಯಾರು ಗೆದ್ದರು, ಗೆಲ್ಲಲು ಚಿತ್ರಕಾರನೊಬ್ಬ ಏನಾಗಬೇಕಾಯಿತು.

ಕಾಲಿನ್ಸ್ ನಮಗೆ ತೀರಾ ಹೊರಗಿನವನಲ್ಲ. ಅವನ ಇನ್ನೊಂದು ಹೆಸರಾಂತ ಕಾದಂಬರಿ, 1868ರ ‘ದಿ ಮೂನ್‌ಸ್ಟೋನ್’, ಆರಂಭವಾಗುವುದೇ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಿಂದ. ಅದೂ ಒಂದು ಮನೆತನದ ಹಳೆಯ ಕಾಗದದಿಂದ ತೆಗೆದ ಭಾಗವೆಂಬ ನೆಪದಲ್ಲಿ. ಇದಕ್ಕಿಂತ ಸೋಜಿಗದ್ದು ಅವನ ಹೆಸರು. ‘ವಿಲ್ಕಿ’ ಎಂದು ಇಟ್ಟದ್ದು ತಂದೆಯ ಗೆಳೆಯ, ಸ್ಕಾಟ್ಲೆಂಡಿನ ಚಿತ್ರಕಾರ ಡೇವಿಡ್ ವಿಲ್ಕಿಯ ನೆನಪಿಗೆ. ಮಗುವಿನ ಧರ್ಮಪಿತನೂ ಆತನೇ. ದೀವಟಿಗೆಯ ಬೆಳಕಿನಲ್ಲಿ ಜನರಲ್ ಬೇರ್ಡ್ ಟಿಪ್ಪು ಸುಲ್ತಾನನ ಶವವನ್ನು ಪತ್ತೆ ಮಾಡುವ ಆ ದೊಡ್ಡ ತೈಲಚಿತ್ರ ಇದೆಯಲ್ಲ, 1839ರಲ್ಲಿ ಮುಗಿದದ್ದು, ಬೇರ್ಡನ ವಿಧವೆ ಹೇಳಿ ಬರೆಸಿದ್ದು, ಅದು ಈ ಡೇವಿಡ್ ವಿಲ್ಕಿಯ ಕೈಯದು. ನೋಡಿ, ಅಲ್ಲೂ ಪ್ರಶ್ನೆ ಅದೇ: ಹೆಣಗಳ ರಾಶಿಯಲ್ಲಿ ಯಾವ ಮುಖ ಯಾರದು?

1824ರ ಜನವರಿ 8ರಂದು ಕಾಲಿನ್ಸ್ ಹುಟ್ಟಿದ್ದು ಬಣ್ಣದ ವಾಸನೆಯ ಮನೆಯಲ್ಲಿ. ತಂದೆ ವಿಲಿಯಂ ಕಾಲಿನ್ಸ್ ಭೂದೃಶ್ಯ ಚಿತ್ರಗಳಿಗೆ ಹೆಸರಾದವನು, ರಾಯಲ್ ಅಕಾಡೆಮಿಯ ಸದಸ್ಯ. ಮಗ ಅಚ್ಚು ಮಾಡಿಸಿದ ಮೊದಲ ಪುಸ್ತಕ 1848ರ ತಂದೆಯ ಜೀವನಚರಿತ್ರೆ. ಮರುವರ್ಷ ಅವನದೇ ಒಂದು ಚಿತ್ರ ಅಕಾಡೆಮಿಯ ಪ್ರದರ್ಶನದಲ್ಲಿ ತೂಗಿತು. ತಮ್ಮ ಚಾರ್ಲ್ಸ್ ಆಲ್ಸ್ಟನ್ ಕಾಲಿನ್ಸ್, 1848ರಲ್ಲಿ ಹುಟ್ಟಿಕೊಂಡ ಪ್ರಿ-ರಾಫೆಲೈಟ್ ಗೆಳೆಯರ ಬಳಗದ ಅಂಚಿನಲ್ಲಿದ್ದ ಕಲಾವಿದ. ಆತನ ‘ಕಾನ್ವೆಂಟ್ ಥಾಟ್ಸ್’ ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿದೆ. ಕೊಳದ ಬದಿಯಲ್ಲಿ ಒಬ್ಬ ಸನ್ಯಾಸಿನಿ, ಕೈಯಲ್ಲಿ ಒಂದು ಹೂ. 1851ರಲ್ಲಿ ಈ ಗುಂಪಿನ ಮೇಲೆ ಪತ್ರಿಕೆಗಳು ಹರಿಹಾಯ್ದಾಗ ಜಾನ್ ರಸ್ಕಿನ್ ‘ದಿ ಟೈಮ್ಸ್’ಗೆ ಕಾಗದ ಬರೆದು ಇವರ ಪರ ನಿಂತ. ಈ ಚಿತ್ರದಲ್ಲಿರುವ ಒಂದು ನೀರುಗಿಡವನ್ನು ಇಷ್ಟು ನಿಖರವಾಗಿ ಯಾರೂ ಬರೆದಿಲ್ಲ ಎಂಬುದು ಅವನ ವಾದದಲ್ಲಿ ಒಂದು. ಸನ್ಯಾಸಿನಿಯ ಭಕ್ತಿಗಿಂತ ಗಿಡದ ಎಲೆಗೆ ಹೆಚ್ಚು ಅಂಕ ಕೊಟ್ಟನಲ್ಲ ಎಂದು ನಾವು ನಗಬಹುದು. ಆದರೆ ಆ ಬಳಗದ ಪಣವೇ ಅದು. ಕಂಡದ್ದನ್ನು ಕಂಡಂತೆ, ಎಲೆಗೆ ಎಲೆ, ಕೂದಲಿಗೆ ಕೂದಲು, ಸಾಕ್ಷಿ ಹೇಳುವ ಹಾಗೆ ಬರೆಯುವುದು.

ಅಣ್ಣ ವಿಲ್ಕಿ ಲಿಂಕನ್ಸ್ ಇನ್‌ನಲ್ಲಿ ಕಾನೂನು ಓದಿ 1851ರಲ್ಲಿ ವಕೀಲನೂ ಆದ, ವಕೀಲಿ ಮಾತ್ರ ಮಾಡಲಿಲ್ಲ. ಅದರ ಫಲ ಈ ಕಾದಂಬರಿಯಲ್ಲಿ ಸಿಕ್ಕಿತು. ಕಥೆಯನ್ನು ಒಬ್ಬರು ಹೇಳುವುದಿಲ್ಲ. ಕೋರ್ಟಿನ ಕಟಕಟೆಗೆ ಬಂದಂತೆ ಒಬ್ಬೊಬ್ಬರೂ ಬಂದು ತಾವು ಕಂಡಷ್ಟನ್ನೇ ಹೇಳಿ ಇಳಿಯುತ್ತಾರೆ. ಚಿತ್ರಕಾರ, ವಕೀಲ, ಮನೆಕೆಲಸದವಳು, ವೈದ್ಯ, ಕೊನೆಗೆ ಒಂದು ಗೋರಿಕಲ್ಲು ಕೂಡ. ನೀರುಗಿಡದ ಎಲೆ ಎಣಿಸುವ ತಮ್ಮನ ಕಣ್ಣು, ಸಾಕ್ಷ್ಯ ತೂಗುವ ಅಣ್ಣನ ಕಣ್ಣು, ಎರಡೂ ಒಂದೇ ಮನೆಯವು.

ಓದದವರಿಗಾಗಿ ಕಥೆಯ ಎಳೆ ಹೇಳಿಬಿಡುತ್ತೇನೆ. ಗುಟ್ಟು ಬಿಚ್ಚಿಡುತ್ತಿದ್ದೇನೆ, ಕ್ಷಮಿಸಿ. 160 ವರ್ಷ ದಾಟಿದ ಗುಟ್ಟು. ಡ್ರಾಯಿಂಗ್ ಮೇಷ್ಟ್ರು ವಾಲ್ಟರ್ ಹಾರ್ಟ್‌ರೈಟ್ ಒಂದು ಬೆಳದಿಂಗಳ ರಾತ್ರಿ ಲಂಡನ್ನಿನ ಹೊರವಲಯದ ದಾರಿಯಲ್ಲಿ ನಡೆಯುತ್ತಿರುವಾಗ ಹಿಂದಿನಿಂದ ಒಂದು ಕೈ ಹೆಗಲು ಮುಟ್ಟುತ್ತದೆ. ತಿರುಗಿದರೆ ಅಡಿಯಿಂದ ಮುಡಿಯವರೆಗೆ ಬಿಳಿ ಉಟ್ಟ ಹೆಂಗಸು, ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡವಳು, ಆ್ಯನ್ ಕ್ಯಾಥರಿಕ್. ಮುಂದೆ ಕಂಬರ್ಲೆಂಡಿನ ಲಿಮರಿಜ್ ಬಂಗಲೆಯಲ್ಲಿ ಅವನಿಗೆ ಪಾಠದ ಕೆಲಸ. ಅಲ್ಲಿನ ಶಿಷ್ಯೆ ಲಾರಾ ಫೇರ್ಲಿಯ ಮುಖ ಆ್ಯನಳ ಪಡಿಯಚ್ಚು. ಪ್ರೀತಿ ಮೊಳೆಯುತ್ತದೆ, ಮುರಿಯುತ್ತದೆ. ಲಾರಾಳ ಮದುವೆ ಸರ್ ಪರ್ಸಿವಲ್ ಗ್ಲೈಡ್ ಎಂಬ ಜಮೀನ್ದಾರನೊಂದಿಗೆ. ಅವನ ಕಣ್ಣು ಅವಳ 20,000 ಪೌಂಡಿನ ಮೇಲೆ. ಅವನ ಗೆಳೆಯ ಕೌಂಟ್ ಫಾಸ್ಕೊ, ಸಾಕಿದ ಬಿಳಿ ಇಲಿಗಳನ್ನು ಕೋಟಿನ ಮೇಲೆ ಆಡಿಸಿಕೊಂಡು ಸಿಹಿ ಮಾತಾಡುವ ದಢೂತಿ ದುಷ್ಟ, ಉಪಾಯ ಹೂಡುತ್ತಾನೆ. ಹೃದಯದ ಕಾಯಿಲೆಯ ಆ್ಯನ್ ಸತ್ತಾಗ ಅವಳನ್ನು ಲಾರಾ ಎಂದು ಹೂಳುತ್ತಾರೆ, ಬದುಕಿರುವ ಲಾರಾಳನ್ನು ಆ್ಯನ್ ಎಂದು ಹುಚ್ಚಾಸ್ಪತ್ರೆಗೆ ಸೇರಿಸುತ್ತಾರೆ. ಇದಕ್ಕೆ ಬೀಜ ಸಿಕ್ಕಿದ್ದು ಪ್ಯಾರಿಸ್ಸಿನ ಹಳೆಪುಸ್ತಕದ ಅಂಗಡಿಯಲ್ಲಿ ಕಾಲಿನ್ಸ್ ಕೊಂಡ ಫ್ರೆಂಚ್ ಮೊಕದ್ದಮೆಗಳ ಸಂಪುಟವೊಂದರಲ್ಲಿ. 18ನೇ ಶತಮಾನದ ಕೊನೆಯಲ್ಲಿ ಶ್ರೀಮಂತ ಮನೆತನದ ವಿಧವೆಯೊಬ್ಬಳನ್ನು ಹೀಗೇ ಬೇರೆ ಹೆಸರಿನಲ್ಲಿ ಕೂಡಿಹಾಕಿ ಸತ್ತಳೆಂದು ಸಾರಿದ್ದರು.

ಆ ಕಾಲದ ರಹಸ್ಯ ಕಾದಂಬರಿಗಳಲ್ಲಿ ಗೋಡೆಯ ಮೇಲಿನ ಭಾವಚಿತ್ರಕ್ಕೆ ಒಂದು ಕಾಯಂ ಉದ್ಯೋಗ. ಅದು ಗುಟ್ಟು ಬಿಟ್ಟುಕೊಡುತ್ತದೆ. ಡಿಕನ್ಸನ ‘ಬ್ಲೀಕ್ ಹೌಸ್’ನಲ್ಲಿ ಗಪ್ಪಿ ಎಂಬ ಗುಮಾಸ್ತ ಲೇಡಿ ಡೆಡ್‌ಲಾಕ್‌ಳ ಚಿತ್ರದ ಮುಂದೆ ನಿಂತು ಈ ಮುಖ ಎಲ್ಲೋ ನೋಡಿದ್ದೇನಲ್ಲ ಎಂದು ತಲೆ ಕೆರೆದುಕೊಳ್ಳುತ್ತಾನೆ, ತಾಯಿ-ಮಗಳ ಎಳೆ ಅಲ್ಲಿಂದ ಬಿಚ್ಚುತ್ತದೆ. 1862ರ ‘ಲೇಡಿ ಆಡ್ಲೀಸ್ ಸೀಕ್ರೆಟ್’ನಲ್ಲಿ ಮೇರಿ ಎಲಿಜಬೆತ್ ಬ್ರಾಡನ್ ಒಂದು ಪ್ರಿ-ರಾಫೆಲೈಟ್ ಭಾವಚಿತ್ರವನ್ನೇ ಕಥೆಯ ನಡುವೆ ನಿಲ್ಲಿಸುತ್ತಾಳೆ. ಒಂದೊಂದು ಕೂದಲನ್ನೂ ಬಿಡದೆ ಬರೆದ ಚಿತ್ರಕಾರ, ಆ ಸುಂದರಿಯ ಒಳಗಿನ ಕೇಡನ್ನೂ ಬಿಡದೆ ಬರೆದುಬಿಟ್ಟಿದ್ದಾನೆ. ರಾಣಿ ವಿಕ್ಟೋರಿಯಾ ಸತ್ತ ವರ್ಷ, 1901ರಲ್ಲಿ, ಶುರುವಾದ ‘ಬಾಸ್ಕರ್ವಿಲ್ಲಿನ ಬೇಟೆನಾಯಿ’ ನೆನಪಿಸಿಕೊಳ್ಳಿ. ಮನೆತನದ ಚಿತ್ರಶಾಲೆಯಲ್ಲಿ ಷರ್ಲಾಕ್ ಹೋಮ್ಸ್ ಮುತ್ತಾತನ ಚಿತ್ರದ ಟೋಪಿ, ಗುಂಗುರು ಕೂದಲನ್ನು ಕೈಯಿಂದ ಮುಚ್ಚುತ್ತಾನೆ. ನೆರೆಮನೆಯ ಚಿಟ್ಟೆ ಹಿಡಿಯುವ ಸ್ಟೇಪಲ್‌ಟನ್ ಚೌಕಟ್ಟಿನಿಂದ ಇಣುಕುತ್ತಾನೆ. ವಂಶಾವಳಿ ಹುಡುಕಲು ಹೋಮ್ಸನಿಗೆ ಯಾವ ದಫ್ತರವೂ ಬೇಕಾಗಲಿಲ್ಲ, ಒಂದು ತೋಳು ಸಾಕಾಯಿತು. ಓದುವಾಗ ರೋಮಾಂಚನವಾಗುತ್ತದೆ ನಿಜ, ಆದರೆ ಅದು ಸೋಮಾರಿ ಉಪಾಯ ಎಂದೇ ನನ್ನ ಅಭಿಪ್ರಾಯ.

ಕಾಲಿನ್ಸ್‌ನಲ್ಲಿ ಹೋಲಿಕೆ ಸತ್ಯ ಹೇಳುವುದಿಲ್ಲ, ಸತ್ಯವನ್ನು ಹೂಳುತ್ತದೆ. ಇಬ್ಬರು ಹೆಂಗಸರ ಮುಖ ಒಂದೇ ಆಗಿರುವುದರಿಂದಲೇ ಅಪರಾಧ ಸಾಧ್ಯವಾದದ್ದು. ಹೋಲಿಕೆಯನ್ನು ಹಿಡಿದವನು ಚಿತ್ರಕಾರ. ಅದನ್ನು ಬಳಸಿಕೊಂಡವನು ಕೌಂಟ್ ಫಾಸ್ಕೊ. ಲಾರಾ ಹುಚ್ಚಾಸ್ಪತ್ರೆಯಿಂದ ಪಾರಾಗಿ ತನ್ನ ಚಿಕ್ಕಪ್ಪನ ಎದುರು ನಿಂತಾಗ ಆತ ಇವಳು ಯಾರೋ ಗೊತ್ತಿಲ್ಲ ಅನ್ನುತ್ತಾನೆ. ಈ ಚಿಕ್ಕಪ್ಪ ಫ್ರೆಡರಿಕ್ ಫೇರ್ಲಿ ಯಾರು? ಎಚಿಂಗ್ ಚಿತ್ರಗಳನ್ನೂ ಹಳೆಯ ನಾಣ್ಯಗಳನ್ನೂ ಕೂಡಿಟ್ಟ ಕಲಾರಸಿಕ. ಮಕ್ಕಳೆಂದರೆ ರಾಫೆಲ್ ಬರೆದ ದೇವಶಿಶುಗಳ ಹಾಗೆ ಬರೀ ತಲೆ, ರೆಕ್ಕೆ ಇರಬೇಕು, ಗಲಾಟೆ ಮಾಡುವ ಮೈ ಇರಬಾರದು ಎಂಬ ಅಭಿರುಚಿಯ ಮನುಷ್ಯ. ಚಿತ್ರದ ರೇಖೆ ನೋಡಿ ಕೈ ಯಾರದೆಂದು ಹೇಳಬಲ್ಲವನಿಗೆ ಮನೆಮಗಳ ಮುಖ ತಿಳಿಯಲಿಲ್ಲ. ಕಲೆಯನ್ನು ಬಲ್ಲವರ ಬಗ್ಗೆ ಚಿತ್ರಕಾರನ ಮಗ ತೀರಿಸಿಕೊಂಡ ಸಣ್ಣ ಸೇಡು ಇದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಹಾಗಾದರೆ ಮುಖ ಸೋತಿತು. ಹಾರ್ಟ್‌ರೈಟ್ ಕುಂಚ ಬಿಟ್ಟು ಕಾಗದದ ಬೆನ್ನು ಹತ್ತುತ್ತಾನೆ. ಪರ್ಸಿವಲ್‌ಗೆ ಏನೋ ಒಂದು ಗುಟ್ಟಿದೆ, ಅದು ಆ್ಯನಳ ತಾಯಿ ಮಿಸೆಸ್ ಕ್ಯಾಥರಿಕ್‌ಗೆ ಗೊತ್ತು ಎಂಬಷ್ಟೇ ಸುಳಿವು. ಹಿಂದೆ ಅವಳ ಗಂಡ ಓಲ್ಡ್ ವೆಲ್ಮಿಂಗ್‌ಹ್ಯಾಮ್ ಎಂಬ ಹಾಳುಬಿದ್ದ ಊರಿನ ಚರ್ಚಿನಲ್ಲಿ ಗುಮಾಸ್ತನಾಗಿದ್ದ. ಹಾರ್ಟ್‌ರೈಟ್ ಆ ಚರ್ಚಿಗೆ ಹೋಗುತ್ತಾನೆ. ಪಕ್ಕದ ಕೋಣೆಯ ಬೀರುವಿನಿಂದ ಮಾತಿನಮಲ್ಲ ಗುಮಾಸ್ತನೊಬ್ಬ ಮದುವೆ ದಫ್ತರ ತೆಗೆದುಕೊಡುತ್ತಾನೆ. 1803ರ ಸೆಪ್ಟೆಂಬರ್ ಪುಟದ ತೀರಾ ಅಡಿಯಲ್ಲಿ ಪರ್ಸಿವಲ್‌ನ ತಂದೆ ಸರ್ ಫೆಲಿಕ್ಸ್ ಗ್ಲೈಡ್‌ನ ಮದುವೆ ದಾಖಲಾಗಿದೆ. ಎಲ್ಲ ಸರಿಯಾಗಿದೆ. ಸಾಲುಗಳು ಮಾತ್ರ ಕೊಂಚ ಇಕ್ಕಟ್ಟು. ಮುಂದಿನ ಪುಟದ ತಲೆಯಲ್ಲಿ ಅಣ್ಣತಮ್ಮಂದಿರಿಬ್ಬರ ಜೋಡಿ ಮದುವೆಯ ದೊಡ್ಡ ದಾಖಲೆ ಇರುವುದರಿಂದ ಜಾಗ ಸಾಲದೆ ಹಾಗಾಗಿರಬಹುದು ಎಂದು ಸಮಾಧಾನ ಹೇಳಿಕೊಂಡು ಅವನು ದಫ್ತರ ಮುಚ್ಚುತ್ತಾನೆ. ನಾವೂ ಮುಚ್ಚುತ್ತೇವೆ. ಅಷ್ಟರಲ್ಲಿ ಗುಮಾಸ್ತ ಹರಟೆಗೆ ಒಂದು ಮಾತು ಸೇರಿಸುತ್ತಾನೆ: ಹಿಂದಿನ ಕಾಲದ ವಕೀಲರೊಬ್ಬರು ಬಹಳ ಜಾಗರೂಕರು, ಈ ದಫ್ತರದ ಒಂದು ನಕಲನ್ನು ಪಕ್ಕದ ನೋಲ್ಸ್‌ಬರಿಯ ತಮ್ಮ ಕಚೇರಿಯಲ್ಲಿ ಇಡುತ್ತಿದ್ದರು.

ಹಾರ್ಟ್‌ರೈಟ್ ನೋಲ್ಸ್‌ಬರಿಗೆ ನಡೆಯುತ್ತಾನೆ. ವಕೀಲನ ಮಗ ನಕಲು ತೆಗೆದುಕೊಡುತ್ತಾನೆ. ಅದೇ ವರ್ಷ, ಅದೇ ತಿಂಗಳು, ಅದೇ ಪುಟ. ಮೇಲಿನ ಮದುವೆ ಇದೆ, ಮುಂದಿನ ಪುಟದ ಜೋಡಿ ಮದುವೆಯೂ ಇದೆ. ಪುಟದ ಅಡಿ ಖಾಲಿ.

ಇಡೀ ಇಂಗ್ಲಿಷ್ ರಹಸ್ಯ ಸಾಹಿತ್ಯದಲ್ಲಿ ಆ ಎರಡಂಗುಲ ಬಿಳಿ ಕಾಗದಕ್ಕಿಂತ ಭಯಂಕರವಾದ ಜಾಗವನ್ನು ನಾನು ಕಂಡಿಲ್ಲ. ಕಾದಂಬರಿಯ ಹೆಸರಿನ ‘ಬಿಳಿ’ ಆ್ಯನಳ ಉಡುಪಿನದು ಎಂದುಕೊಂಡಿದ್ದೆ. ಈ ಬಿಳಿಯೂ ಅದರಲ್ಲಿ ಸೇರಿದೆ ಎಂದು ಹೊಳೆದದ್ದು ಎರಡನೆಯ ಓದಿನಲ್ಲಿ. ಪರ್ಸಿವಲ್‌ನ ತಂದೆತಾಯಿಗೆ ಮದುವೆಯೇ ಆಗಿರಲಿಲ್ಲ. ತಾಯಿಗೆ ಐರ್ಲೆಂಡಿನಲ್ಲಿ ಗಂಡ ಬದುಕಿದ್ದ. ಮದುವೆಯಾಚೆ ಹುಟ್ಟಿದವನನ್ನು ಆಗಿನ ಇಂಗ್ಲಿಷ್ ಕಾನೂನು ಯಾರ ಮಗನೂ ಅಲ್ಲ ಅನ್ನುತ್ತಿತ್ತು. ಪದವಿಯಿಲ್ಲ, ಬ್ಲ್ಯಾಕ್‌ವಾಟರ್ ಪಾರ್ಕಿನ ಆಸ್ತಿಯಿಲ್ಲ. ಸಾಲ ಎತ್ತಲು ತಂದೆತಾಯಿಯ ಮದುವೆಯ ಪುರಾವೆ ಬೇಕಾದಾಗ ಅವನು ಮಿಸೆಸ್ ಕ್ಯಾಥರಿಕ್‌ಗೆ ಚಿನ್ನದ ಗಡಿಯಾರ, ಸರ ಕೊಟ್ಟು ಬೀಗದ ಕೈ ಪಡೆದ. ಹಳೆಯ ಶಾಯಿಯ ಬಣ್ಣ ಬರುವ ತನಕ ಶಾಯಿ ಕಲಸಿ ಕಲಸಿ ನೋಡಿದ, ಹಳೆಯ ಕೈಬರಹ ತಿದ್ದಿ ತಿದ್ದಿ ಕಲಿತ. ನಡೆದ ಮದುವೆಯನ್ನು ಅಳಿಸಲಿಲ್ಲ, ನಡೆಯದ ಮದುವೆಯನ್ನು ಹುಟ್ಟಿಸಿದ. ಕಾದಂಬರಿಯಲ್ಲಿ ಹಾರ್ಟ್‌ರೈಟ್‌ನದು ನೀರುಬಣ್ಣ. ಆದರೆ ತದ್ರೂಪು ಬರೆಯುವ ಕಸುಬಿನಲ್ಲಿ ಅವನಿಗಿಂತ ಪಳಗಿದ ಕೈ ಈ ಖಳನದು.

ಇಲ್ಲಿ ವಂಶಾವಳಿ ಹುಡುಕುವವರ ಪರವಾಗಿ ಒಂದೆರಡು ತಕರಾರು ಎತ್ತುತ್ತೇನೆ. ಇಂಗ್ಲೆಂಡಿನಲ್ಲಿ ನಾಮಕರಣ, ಮದುವೆ, ಶವಸಂಸ್ಕಾರಗಳನ್ನು ಪ್ಯಾರಿಷ್ ಚರ್ಚುಗಳು ಬರೆದಿಡಬೇಕೆಂದು ಥಾಮಸ್ ಕ್ರಾಮ್‌ವೆಲ್ ಆಜ್ಞೆ ಮಾಡಿದ್ದು 1538ರಲ್ಲಿ. 1598ರಿಂದ ಪ್ರತಿ ಚರ್ಚೂ ವರ್ಷವರ್ಷದ ನಕಲನ್ನು ಬಿಷಪ್‌ಗೆ ಕಳಿಸಬೇಕಿತ್ತು. 1753ರ ಹಾರ್ಡ್‌ವಿಕ್ ಕಾಯ್ದೆ ಇನ್ನೂ ಬಿಗಿ. ಪುಟಗಳಿಗೆ ಸಂಖ್ಯೆ ಹಾಕಬೇಕು, ಸಮ ಅಂತರದಲ್ಲಿ ಗೆರೆ ಎಳೆದಿರಬೇಕು, ಗಂಡು, ಹೆಣ್ಣು, ಪಾದ್ರಿ, ಇಬ್ಬರು ಸಾಕ್ಷಿಗಳು ರುಜು ಹಾಕಬೇಕು. ಇದೆಲ್ಲ ಇದ್ದದ್ದೇ ಪರ್ಸಿವಲ್‌ನಂಥವರು ಪುಟದ ಅಡಿಯಲ್ಲಿ ಮದುವೆ ತುರುಕದಿರಲಿ ಎಂದು. ಅಂದರೆ 1803ರ ದಫ್ತರದಲ್ಲಿ ಅವನು ಒಂದಲ್ಲ, ಐದು ರುಜು ಸೃಷ್ಟಿಸಬೇಕಿತ್ತು. ಇನ್ನು ನಕಲಿಗಾಗಿ ಹಾರ್ಟ್‌ರೈಟ್ ನೋಲ್ಸ್‌ಬರಿಯ ತನಕ ನಡೆಯಬೇಕಾಗಿಯೂ ಇರಲಿಲ್ಲ, ಬಿಷಪ್‌ನ ಕಚೇರಿ ಕೇಳಬಹುದಿತ್ತು. ವಕೀಲಿ ಓದಿದ ಕಾಲಿನ್ಸ್ ಇದನ್ನು ಬೇಕೆಂದೇ ಮರೆತ ಎಂದು ನನ್ನ ಊಹೆ. ಸರಕಾರಿ ನಕಲಿನಿಂದ ಸತ್ಯ ಹೊರಬಂದರೆ ಅದು ಆಡಳಿತ. ಒಬ್ಬ ಮುದುಕನ ಅತಿ ಜಾಗರೂಕತೆಯಿಂದ ಹೊರಬಂದರೆ ಅದು ಕಥೆ.

ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬಂದು ಮನೆಯ ಹಿರಿಯರ ಹೆಸರುಗಳನ್ನು ಒಕ್ಕಲಿಗೆ ಹೇಳಿ ಕಾಳು ಪಡೆಯುವ ಹೆಳವರನ್ನು ಕಂಡ ನಮಗೆ ಈ ನಕಲಿನ ತತ್ವ ಬೇಗ ಅರ್ಥವಾಗುತ್ತದೆ. ಮನೆಯ ಕಥೆ ಮನೆಯವರ ಕೈಯಲ್ಲೇ ಇದ್ದರೆ ತಿದ್ದುಪಡಿಯಾಗುತ್ತದೆ. ಇನ್ನೊಂದು ಪ್ರತಿ ಹೊರಗಿನವರ ಹತ್ತಿರ ಇರಬೇಕು. ಈಸ್ಟ್ ಇಂಡಿಯಾ ಕಂಪನಿಗೂ ಈ ಬುದ್ಧಿ ಇತ್ತು. ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚುಗಳ ನಾಮಕರಣ, ಮದುವೆ, ಸಾವಿನ ದಾಖಲೆಗಳ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಮುತ್ತಾತನನ್ನು ಹುಡುಕುವ ಇಂಗ್ಲಿಷ್ ಮನೆತನಗಳು ಇವತ್ತಿಗೂ ಬೆಂಗಳೂರು ದಂಡಿನಲ್ಲೋ ಬಳ್ಳಾರಿಯಲ್ಲೋ ಮದುವೆಯಾದ ಸಿಪಾಯಿಯನ್ನು ಅಲ್ಲಿ ಪತ್ತೆ ಮಾಡುತ್ತಾರೆ.

ಕಥೆಗೆ ಬರೋಣ. ಗುಟ್ಟು ಬಯಲಾಗುವ ಹೆದರಿಕೆಯಿಂದ ಪರ್ಸಿವಲ್ ರಾತ್ರಿ ದಫ್ತರದ ಕೋಣೆಗೆ ನುಗ್ಗುತ್ತಾನೆ. ಬೆಂಕಿ ಹತ್ತುತ್ತದೆ. ಹಳೆಯ ಬೀಗ ಒಳಗಿನಿಂದ ಕಚ್ಚಿಕೊಂಡು ಬಿಡುವುದಿಲ್ಲ. ಹೊರಗೆ ಹಾರ್ಟ್‌ರೈಟ್ ಊರವರನ್ನು ಕೂಗಿ, ತೊಲೆಯಿಂದ ಬಾಗಿಲು ಗುದ್ದಿಸಿ ತನ್ನ ವೈರಿಯನ್ನು ಬದುಕಿಸಲು ಒದ್ದಾಡುತ್ತಾನೆ. ಉಳಿಯುವುದಿಲ್ಲ. ಮುಂದಿನ ದೃಶ್ಯದಲ್ಲಿ ಶವ ಯಾರದೆಂದು ಗುರುತಿಸಲು ಅವನನ್ನು ಕರೆಯುತ್ತಾರೆ. ಸರ್ ಪರ್ಸಿವಲ್ ಗ್ಲೈಡ್‌ನನ್ನು ಹಾರ್ಟ್‌ರೈಟ್ ಮುಖಾಮುಖಿ ನೋಡುವುದು ಆಗಲೇ, ಮೊದಲ ಸಲ. ಹೆಸರಿನ ಬೆನ್ನು ಹತ್ತಿ ಬಂದವನಿಗೆ ಮುಖ ಸಿಕ್ಕಾಗ ಅದಕ್ಕೆ ಜೀವ ಇಲ್ಲ.

ಆದರೆ, ಗಮನಿಸಿ, ಇದರಿಂದ ಲಾರಾಗೆ ಏನೂ ಸಿಗಲಿಲ್ಲ. ಕಾಗದದ ಪ್ರಕಾರ ಅವಳು ಸತ್ತೇ ಇದ್ದಾಳೆ. ವೈದ್ಯನ ಪ್ರಮಾಣಪತ್ರ ಇದೆ, 1850ರ ಜುಲೈ 25. ಗೋರಿಕಲ್ಲಿದೆ. ಮುಖ ನೋಡಿ ಯಾವ ನ್ಯಾಯಾಲಯವೂ ಒಪ್ಪದು ಎಂದು ವಕೀಲ ಮೊದಲೇ ಹೇಳಿದ್ದಾನೆ. ಒಂದೇ ದಾರಿ. ಲಾರಾ ಬ್ಲ್ಯಾಕ್‌ವಾಟರ್ ಬಿಟ್ಟು ಲಂಡನ್ನಿಗೆ ಹೊರಟ ದಿನ ಆ ಸಾವಿನ ದಿನದ ನಂತರದ್ದು ಎಂದು ತೋರಿಸಬೇಕು. ಸತ್ತ ಮರುದಿನ ರೈಲು ಹತ್ತಿದವಳು ಸತ್ತವಳಾಗಲಾರಳು. ಫಾಸ್ಕೊನಿಂದ ಬರೆಸಿಕೊಂಡ ತಪ್ಪೊಪ್ಪಿಗೆ, ಬಾಡಿಗೆ ಗಾಡಿಯವರ ಆರ್ಡರ್ ಪುಸ್ತಕದ ಒಂದು ಸಾಲು, ಇವುಗಳಿಂದ ಜುಲೈ 26 ಸಾಬೀತಾಗುತ್ತದೆ. ಒಕ್ಕಲುಗಳ ಎದುರು ಗೋರಿಕಲ್ಲಿನ ಸುಳ್ಳು ಸಾಲನ್ನು ಅಳಿಸುತ್ತಾರೆ.

ಹೀಗೆ ಎಲ್ಲವೂ ಒಂದು ತಾರೀಖಿನ ಮೇಲೆ ನಿಂತಿದೆ. ಇನ್ನು ನಗಬೇಕಾದ ಸಂಗತಿ ಕೇಳಿ. ಪುಸ್ತಕ ಬಂದ ಎರಡೇ ತಿಂಗಳಿಗೆ ‘ದಿ ಟೈಮ್ಸ್’ನ ವಿಮರ್ಶಕ ಕಾಗದ ಪೆನ್ಸಿಲ್ ಹಿಡಿದು ಕುಳಿತು ದಿನಗಳನ್ನು ಎಣಿಸಿದ. ಕಾಲಿನ್ಸ್ ಹೇಳಿದ ದಿನಗಳು ತಾಳೆಯಾಗುವುದಿಲ್ಲ, ಲೆಕ್ಕದಲ್ಲಿ ಸುಮಾರು ಹದಿನೈದು ದಿನ ಎಡವಿದ್ದಾನೆ, ಹಾಗಾಗಿ ಇಡೀ ರಹಸ್ಯವೇ ಕುಸಿಯುತ್ತದೆ ಎಂದು ಬರೆದ. ವಿಮರ್ಶಕ ಸರಿ ಇದ್ದ. ಕಾಲಿನ್ಸ್ ತಪ್ಪು ಒಪ್ಪಿಕೊಂಡು, ಮುಂದಿನ ಮುದ್ರಣಕ್ಕೆ ಮೊದಲು ತಿದ್ದಬೇಕೆಂದು ಪ್ರಕಾಶಕರಿಗೆ ತಿಳಿಸಿ, 1861ರ ಒಂದೇ ಸಂಪುಟದ ಆವೃತ್ತಿಯಲ್ಲಿ ಸರಿಪಡಿಸಿದ. ಅಂದರೆ 1860ರಲ್ಲಿ ಮೂರು ಸಂಪುಟ ಕೊಂಡವರ ಮನೆಯಲ್ಲಿ ಲಾರಾ ಇನ್ನೂ ಕಾಗದದ ಮೇಲೆ ಬದುಕಿಲ್ಲ. ದಫ್ತರ ತಿದ್ದಿದವನನ್ನು ಸುಟ್ಟ ಲೇಖಕ ತನ್ನ ದಫ್ತರವನ್ನೂ ತಿದ್ದಬೇಕಾಯಿತು.

ಚಿತ್ರಕಾರ ಏನಾದ ಎಂದು ಆಗಲೇ ಕೇಳಿದೆ. ಹಾರ್ಟ್‌ರೈಟ್ ಗುಮಾಸ್ತನಾದ. ಕಾದಂಬರಿಯ ಆರಂಭದಲ್ಲಿ ಲಾರಾಳನ್ನು ವರ್ಣಿಸಬೇಕಾದಾಗ ಅವನಿಗೆ ಮಾತು ಹೊರಡುವುದಿಲ್ಲ. ತಾನೇ ಬರೆದ ಅವಳ ನೀರುಬಣ್ಣದ ಚಿತ್ರವನ್ನು ಮುಂದಿಟ್ಟುಕೊಂಡು ತಡವರಿಸುತ್ತಾನೆ. ಕಥೆ ಮುಗಿಯುವಾಗ ಅದೇ ಮನುಷ್ಯ ಹೇಳಿಕೆಗಳನ್ನು ಕ್ರಮವಾಗಿ ಜೋಡಿಸಿ ಹೊಲಿದು ಕಡತ ಕಟ್ಟಿದ್ದಾನೆ. ಲಂಡನ್ನಿನ ಬಡ ಬಡಾವಣೆಯಲ್ಲಿ ಅಡಗಿದ್ದಾಗ ಅವನು ಹೊಟ್ಟೆ ಹೊರೆದದ್ದು ಅಗ್ಗದ ಪತ್ರಿಕೆಗಳಿಗೆ ಮರದಚ್ಚಿನ ಚಿತ್ರ ಮಾಡಿ. ವಿಕ್ಟೋರಿಯನ್ ಕಲೆ ಎಂದರೆ ನಾವು ಅಕಾಡೆಮಿಯ ಬಂಗಾರದ ಚೌಕಟ್ಟು ನೆನೆಯುತ್ತೇವೆ; ಆ ಕಾಲದ ನೂರಾರು ಕಲಾವಿದರ ಅನ್ನ ಈ ಮರದ ತುಂಡುಗಳಲ್ಲಿತ್ತು. ಆಸ್ಪತ್ರೆಯಿಂದ ಬಂದು ಬುದ್ಧಿ ಮಂಕಾಗಿದ್ದ ಲಾರಾ ತಾನೂ ದುಡಿಯಬೇಕು ಅನ್ನುತ್ತಾಳೆ. ಅವಳ ಬಡಪಾಯಿ ಚಿತ್ರಗಳನ್ನು ಮಾರಿಬಂದೆ ಎಂದು ಹಾರ್ಟ್‌ರೈಟ್ ತನ್ನ ಸಂಪಾದನೆಯಿಂದಲೇ ಕಾಸು ಕೊಡುತ್ತಾನೆ, ಚಿತ್ರಗಳನ್ನು ಬಚ್ಚಿಡುತ್ತಾನೆ. ಇದೂ ಒಂದು ಸುಳ್ಳು ದಾಖಲೆಯೇ. ಪುಸ್ತಕದಲ್ಲಿ ಶಿಕ್ಷೆಯಾಗದ ಸುಳ್ಳು ಇದೊಂದೇ ಇರಬೇಕು.

ಒಂದು ಪ್ರಶ್ನೆ ಉಳಿಯಿತು. ಲಾರಾ, ಆ್ಯನ್ ಏಕೆ ಅಷ್ಟು ಹೋಲುತ್ತಾರೆ? ಇದಕ್ಕೆ ಹಾರ್ಟ್‌ರೈಟ್ ಮೇಜರ್ ಡಾನ್‌ಥಾರ್ನ್ ಎಂಬ ಮುದುಕನಿಗೆ ಕಾಗದ ಬರೆಯುತ್ತಾನೆ. ಮದುವೆಗೆ ಮೊದಲು ಮಿಸೆಸ್ ಕ್ಯಾಥರಿಕ್ ಅವನ ವಾರ್ನೆಕ್ ಹಾಲ್ ಮನೆಯಲ್ಲಿ ಕೆಲಸಕ್ಕಿದ್ದಳು. ಉತ್ತರ ಬರುತ್ತದೆ: 1826ರಲ್ಲಿ ಆ ಮನೆಗೆ ಅತಿಥಿಯಾಗಿ ಬಂದಿದ್ದವನು ಫಿಲಿಪ್ ಫೇರ್ಲಿ, ಲಾರಾಳ ತಂದೆ, ಆಗ ಊರಿಗೆಲ್ಲ ಸುಂದರ ಪುರುಷ. ಲೆಕ್ಕ ಅಲ್ಲಿಗೆ ಕೂಡುತ್ತದೆ. ಆ್ಯನ್ ಲಾರಾಳ ಅಕ್ಕ. ಯಾವ ದಫ್ತರದಲ್ಲೂ ಇಲ್ಲದ ಆ ಸಂಬಂಧ ಮುಖದಲ್ಲಿ ಮಾತ್ರ ಬರೆದಿತ್ತು. ಕಾದಂಬರಿಯಲ್ಲಿ ಮದುವೆಯಾಚೆ ಹುಟ್ಟಿದವರು ಇಬ್ಬರು. ಗಂಡಸು ಕಳ್ಳಬರಹ ಬರೆದು ಇಪ್ಪತ್ತಕ್ಕೂ ಹೆಚ್ಚು ವರ್ಷ ಜಮೀನ್ದಾರನಾಗಿ ಮೆರೆದ. ಹೆಂಗಸು ತನ್ನ ತಂಗಿಯ ಹೆಸರಿನಲ್ಲಿ ಸತ್ತಳು. ತಂದೆ ಫಿಲಿಪ್ ಫೇರ್ಲಿಗೆ ಯಾರೂ ಏನೂ ಕೇಳಲಿಲ್ಲ. ಕಾಲಿನ್ಸ್ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎರಡನ್ನೂ ಒಂದೇ ಪುಸ್ತಕದಲ್ಲಿ ಎದುರುಬದುರು ಇಟ್ಟಿದ್ದಾನೆ. ಭೈರಪ್ಪನವರ ‘ವಂಶವೃಕ್ಷ’ದಲ್ಲಿ ಶ್ರೋತ್ರಿಗಳು ತಮ್ಮ ಹುಟ್ಟಿನ ಸತ್ಯ ಹಳೆಯ ಕಾಗದಗಳಲ್ಲಿ ಕಂಡಾಗ ಆಗುವ ತಲ್ಲಣವನ್ನು ಓದಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಆ ಬಿಳಿ ಬಣ್ಣ ಮತ್ತೆ ಚಿತ್ರಕಲೆಗೂ ಹೋಯಿತು. 1862ರಲ್ಲಿ ಜೇಮ್ಸ್ ವಿಸ್ಲರ್ ಬಿಳಿ ಪರದೆಯ ಮುಂದೆ ಬಿಳಿ ಉಟ್ಟು ನಿಂತ ಹುಡುಗಿಯ ಚಿತ್ರ ಬರೆದ. ರಾಯಲ್ ಅಕಾಡೆಮಿ ಬೇಡವೆಂದಿತು. ಬರ್ನರ್ಸ್ ಸ್ಟ್ರೀಟಿನ ಗ್ಯಾಲರಿಯವರು ಜನ ಬರಲಿ ಎಂದು ಅದಕ್ಕೆ ‘ದಿ ವುಮನ್ ಇನ್ ವೈಟ್’ ಎಂದು ಹೆಸರಿಟ್ಟರು. ವಿಸ್ಲರ್ ಪತ್ರಿಕೆಗೆ ಕಾಗದ ಬರೆದು, ಆ ಕಾದಂಬರಿಗೂ ತನ್ನ ಚಿತ್ರಕ್ಕೂ ಸಂಬಂಧವಿಲ್ಲ, ತಾನದನ್ನು ಓದಿಯೂ ಇಲ್ಲ ಅಂದ. ಇಂದು ಅದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಬೇರೆ ಹೆಸರಿನಲ್ಲಿ ತೂಗುತ್ತಿದೆ. 1871ರಲ್ಲಿ ಕಾದಂಬರಿ ನಾಟಕವಾಗಿ ಒಲಿಂಪಿಕ್ ಥಿಯೇಟರಿಗೆ ಬಂದಾಗ ಫ್ರೆಡರಿಕ್ ವಾಕರ್ ಒಂದು ಭಿತ್ತಿಚಿತ್ರ ಮಾಡಿಕೊಟ್ಟ. ಬೆನ್ನು ತಿರುಗಿಸಿ, ತುಟಿಗೆ ಬೆರಳಿಟ್ಟು, ಬಾಗಿಲಾಚೆಯ ರಾತ್ರಿಗೆ ಕಾಲಿಡುವ ಹೆಂಗಸು. ಇಂಗ್ಲೆಂಡಿನಲ್ಲಿ ಪೋಸ್ಟರ್ ಎಂಬುದು ಕಲೆಯಾದದ್ದು ಅಲ್ಲಿಂದ ಎನ್ನುವವರಿದ್ದಾರೆ.

ಕಾಲಿನ್ಸ್ ಮದುವೆಯಾಗಲಿಲ್ಲ. ಕ್ಯಾರೊಲಿನ್ ಗ್ರೇವ್ಸ್ ಎಂಬವಳ ಜೊತೆ ಬದುಕಿದ. 1861ರ ಜನಗಣತಿಯವರಿಗೆ ಅವಳನ್ನು ಹೆಂಡತಿ ಎಂದೇ ಬರೆಸಿದ. ಕಳ್ಳ ಮದುವೆ ದಾಖಲೆಯ ಕಾದಂಬರಿ ಮುಗಿಸಿ ಆಗ ವರ್ಷ ತುಂಬಿರಲಿಲ್ಲ. ಆಮೇಲೆ ನಾರ್ಫೋಕಿನ ಮಾರ್ಥಾ ರಡ್ ಎಂಬವಳಿಗೆ ಇನ್ನೊಂದು ಮನೆ ಮಾಡಿದ. ಆ ಮನೆಯಲ್ಲಿ ಅವನು ವಿಲ್ಕಿ ಕಾಲಿನ್ಸ್ ಅಲ್ಲ, ವಕೀಲ ವಿಲಿಯಂ ಡಾಸನ್. 1869, 1871, 1874ರಲ್ಲಿ ಹುಟ್ಟಿದ ಮೂವರು ಮಕ್ಕಳೂ ಡಾಸನ್. ತಾವು ಹುಟ್ಟುವಾಗ ತಂದೆತಾಯಿಗೆ ಮದುವೆಯಾಗಿರದ ಕಾರಣ ಆಸ್ತಿ ಕಳೆದುಕೊಂಡ ಅಕ್ಕತಂಗಿಯರ ಕಥೆಯನ್ನು 1862ರ ‘ನೋ ನೇಮ್’ನಲ್ಲಿ ಅವನು ಮೊದಲೇ ಬರೆದಿದ್ದ, ತಂದೆತಾಯಿ ಆಮೇಲೆ ಮದುವೆಯಾದರೆ ಅಂಥ ಮಕ್ಕಳು ಸಕ್ರಮರಾಗಬಹುದು ಎಂದು ಇಂಗ್ಲಿಷ್ ಕಾನೂನು ಒಪ್ಪಲು 1926 ಆಗಬೇಕಾಯಿತು. ಸಾಯುವಾಗ ಉಯಿಲಿನಲ್ಲಿ ಮಾತ್ರ ಅವನು ಸುಳ್ಳು ಬರೆಯಲಿಲ್ಲ. ಮಕ್ಕಳು ತನ್ನವೆಂದು ಒಪ್ಪಿ, ಆಸ್ತಿಯನ್ನು ಎರಡೂ ಮನೆಗೆ ಹಂಚಿದ. ಈ ಎಳೆಗಳನ್ನೆಲ್ಲ ಬಿಡಿಸಿ 1988ರಲ್ಲಿ ‘ದಿ ಸೀಕ್ರೆಟ್ ಲೈಫ್ ಆಫ್ ವಿಲ್ಕಿ ಕಾಲಿನ್ಸ್’ ಬರೆದವರು ವಿಲಿಯಂ ಕ್ಲಾರ್ಕ್. ಅವರ ಪತ್ನಿ ಆ ಡಾಸನ್ ಕವಲಿನವರು, ಕಾದಂಬರಿಕಾರನ ಮರಿಮಗಳು.

1889ರ ಸೆಪ್ಟೆಂಬರ್ 23ರಂದು ತೀರಿಕೊಂಡ ಕಾಲಿನ್ಸ್‌ನ ಸಮಾಧಿ ಲಂಡನ್ನಿನ ಕೆನ್ಸಲ್ ಗ್ರೀನ್‌ನಲ್ಲಿದೆ. ಕಲ್ಲಿನ ಮೇಲೆ ಅವನ ಹೆಸರು, ತಾರೀಖು, ‘ದಿ ವುಮನ್ ಇನ್ ವೈಟ್’ ಬರೆದವನೆಂಬ ಮಾತು ಇವೆ. ಅದೇ ಗುಂಡಿಯಲ್ಲಿ 1895ರಲ್ಲಿ ಕ್ಯಾರೊಲಿನ್ ಗ್ರೇವ್ಸ್‌ಳನ್ನೂ ಹೂಳಿದರು. ಅವಳ ಹೆಸರು ಆ ಕಲ್ಲಿನ ಮೇಲೆ ಇಲ್ಲ.